ಕಾಕಾನ ಬ್ಯಾಟರಿ ಹಿಂಡು

ನಮ್ಮ ಕಾಕಾನ ಅಂಗಡಿಗೆ ಹೋಗುವ ಗಂಡಸರಿಗೆ ನನ್ನದೊಂದು ಕಿವಿಮಾತು. ಪ್ಯಾಂಟಿಗೆ ಬೆಲ್ಟನ್ನು ನಂಬಿ ಹೋಗಬೇಡಿ, ಧೋತರಕ್ಕೆ ಉಡದಾರವನ್ನಂತೂ ನಂಬಲೇಬೇಡಿ! ಎರಡನ್ನೂ ಅವನು ಬಾಗಿಲಲ್ಲೇ ಬಿಚ್ಚಿಸುತ್ತಾನೆ.

ಹಾಗೆಂದು ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಕಳ್ಳನಲ್ಲ. ಗೋಕಾಕದಿಂದ ಮೂಡಲಗಿಗೆ ಹೋಗುವ ರಸ್ತೆಯ ಬದಿಗೆ ಪತ್ರಾಸಿನ ತಗಡು ಹೊದಿಸಿದ ಒಂದು ಶೆಡ್ಡಿನಲ್ಲಿ ಕೂತು, ವಾರಂಟಿ ಮುಗಿದ ಇಲೆಕ್ಟ್ರಿಕ್ ಕಾರುಗಳ ಬ್ಯಾಟರಿ ರಿಪೇರಿ ಮಾಡುತ್ತಾನೆ. ಅದಕ್ಕೂ ಮೊದಲು ಬೋರಿನ ಮೋಟಾರುಗಳಿಗೆ ತಂತಿ ಸುತ್ತಿ ಸುತ್ತಿ ತಲೆ ಬೆಳ್ಳಗಾದವನು. ಉಳಿದವರು ಭಜನೆಗೆ ಹೋಗುವ ವಯಸ್ಸಿನಲ್ಲಿ ಇವನು ಮೊಬೈಲ್ ಹಿಡಿದು ಬ್ಯಾಟರಿಯ ಪಾಠ ಕಲಿತ!

ನಾನು ಅಲ್ಲಿ ಹೋಗಿ ಕೂರುವಂತಾದದ್ದು ನನ್ನ ಕಾರಿನಿಂದ. ಕಾರಿಗಿಂತ ಮೊದಲು ಕಾಲಿನ ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತು. ಅರಭಾವಿಯಲ್ಲಿ ಕಚೇರಿ ಕೆಲಸ, ಗೋಕಾಕದಲ್ಲಿ ಮನೆ. ಬಸ್ಸಿನ ಮೆಟ್ಟಿಲ ಬಳಿ ನಿಂತರೆ ಸಾಕು, ನಾಲ್ಕು ಕೈಗಳು ನನ್ನನ್ನು ಜೋಳದ ಚೀಲದ ಹಾಗೆ ಎತ್ತುತ್ತಿದ್ದವು, ನಾಲ್ಕು ಬಾಯಿಗಳು "ಪಾಪ" ಎನ್ನುತ್ತಿದ್ದವು. ಕೈಗಳ ಮೇಲೆ ನನಗೆ ಸಿಟ್ಟಿಲ್ಲ. ಆ "ಪಾಪ" ಎಂಬುದನ್ನು ಕೇಳಿದರೆ ಮಾತ್ರ ಈಗಲೂ ಮೈಯೆಲ್ಲ ಉರಿಯುತ್ತದೆ. ಇಲೆಕ್ಟ್ರಿಕ್ ಕಾರಿಗೆ ಕ್ಲಚ್ ಇಲ್ಲ, ಬಲಗಾಲೊಂದೇ ಸಾಕು ಎಂದು ತಿಳಿದ ದಿನ ನಾನು ಕುಣಿಯುವುದೊಂದು ಬಾಕಿ! ಬೆಳಗಾವಿಯಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದೆ. ನಾಲ್ಕು ವರ್ಷ ಯಾರ ಪಾಪದ ಗೊಡವೆಯೂ ಇಲ್ಲದೆ ಒಬ್ಬಳೇ ಓಡಾಡಿದೆ.

ಆಮೇಲೆ ಬ್ಯಾಟರಿ ಕೈಕೊಟ್ಟಿತು. ಅರ್ಧ ಚಾರ್ಜು ಇದೆ ಎಂದು ತೋರಿಸುತ್ತಿದ್ದ ಗಾಡಿ ಎರಡು ಮೈಲಿ ಹೋಗುವುದರೊಳಗೆ ಖಾಲಿ ಎಂದು ನಿಂತುಬಿಡುತ್ತಿತ್ತು. ಶೋರೂಮಿನಲ್ಲಿ ಟೈ ಕಟ್ಟಿದವನೊಬ್ಬ, "ವಾರಂಟಿ ಮುಗಿದದ ಮೇಡಂ. ಪೂರಾ ಬ್ಯಾಟರಿ ಬದಲಿ ಮಾಡಬೇಕು. ಅದರಕಿಂತ ಗುಜರಿಗೆ ಹಾಕಿಬಿಡ್ರಿ" ಎಂದು ನಗುನಗುತ್ತಲೇ ಹೇಳಿದ. ಅವನಿಗೇನು, ಗುಜರಿಗೆ ಹೋಗುವುದು ನನ್ನ ಕಾಲು ತಾನೆ!

ಕಾಕಾ ಮಾತ್ರ ಗಾಡಿಯ ಸುತ್ತ ಒಮ್ಮೆ ತಿರುಗಿ, "ಬಿಟ್ಟ ಹೋಗ ತಂಗಿ" ಎಂದ. ಬಿಟ್ಟು ಬಂದೆ. ಮತ್ತೆ ಬಸ್ಸು, ಮತ್ತೆ ನಾಲ್ಕು ಕೈ, ಮತ್ತೆ ಪಾಪ. ದಿನವೂ ಸಂಜೆ ಕಚೇರಿ ಬಿಟ್ಟ ಮೇಲೆ ಅವನ ಶೆಡ್ಡಿನ ಮುಂದೆ ಇಳಿದು, ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು ಸಿಟ್ಟು ಮಾಡುವುದೇ ನನ್ನ ಎರಡನೆಯ ಉದ್ಯೋಗವಾಯಿತು.

ಮೊದಲ ದಿನವೇ ದಡ್ಡಿ ಎಂಬ ಊರಿನ ಕಡೆಯ ಒಬ್ಬ ಗೌಡರು ಬಂದಿದ್ದರು. ತಮ್ಮ ಗಾಡಿಯ ಬ್ಯಾಟರಿಯನ್ನು ಕಣ್ಣೆದುರೇ ಬಿಚ್ಚಬೇಕೆಂದು ಹಟ. ಕಾಕಾ ಬಾಗಿಲಿಗೆ ಅಡ್ಡ ನಿಂತ.

"ಒಳಗ ಬರೂದಿದ್ರ ಮೈಮ್ಯಾಲಿನ ಲೋಹ ಎಲ್ಲಾ ಹೊರಗ ಇಡ್ರಿ. ಬ್ಯಾಟರಿಗಿ ತಾಕಿದ್ರ ನೀವೂ ಇಲ್ಲ, ನಾನೂ ಇಲ್ಲ."

ಗೌಡರು ಉಂಗುರ ತೆಗೆದರು. ಕೊರಳಿನ ಸರ ತೆಗೆದರು. ವಾಚು, ಕಡಗ ತೆಗೆದರು.

"ಉಡದಾರ?"

"ಅದು ಬೆಳ್ಳಿದೈತೋ ಮಾರಾಯಾ!"

"ಬೆಳ್ಳಿ ಅಂದ್ರ ಕರೆಂಟಿಗಿ ಭಾಳ ಪಿರೂತಿ ರೀ."

ಬಿಚ್ಚಿದರು. ಅಲ್ಲಿಯವರೆಗೆ ಉಡದಾರದ ಆಧಾರದ ಮೇಲೆ ನಿಂತಿದ್ದ ಧೋತರ ಈಗ ಗೌಡರ ಎರಡೂ ಕೈಗಳ ಆಧಾರಕ್ಕೆ ಬಂತು! ಹಾಗೇ ಹಿಡಿದುಕೊಂಡು ಒಂದು ಗಂಟೆ ನಿಂತರು, ಪಾಪ. (ನೋಡಿ, ನಾನೂ ಅಂದುಬಿಟ್ಟೆ!) ಕೊನೆಗೆ "ಗಾಡಿ ರಿಪೇರಿಗಿ ಬಂದೇನೋ, ಜಳಕಕ್ಕ ಬಂದೇನೋ" ಎಂದು ಗೊಣಗಿದಾಗ ಕಾಕಾ ಒಂದು ಮಾರು ಸುತಳಿ ದಾರ ಕೊಟ್ಟ. ಅಂದಿನಿಂದ ಬಾಗಿಲ ಮೊಳೆಗೆ ಗಿರಾಕಿಗಳಿಗೆಂದು ಸುತಳಿಯ ಉಂಡೆ ತೂಗುಹಾಕಿದ್ದಾನೆ.

ಇನ್ನು ಅವನ ಎಡಗೈ. ಅದು ಯಾವಾಗಲೂ ಬೆನ್ನ ಹಿಂದೆ! ತೆರೆದ ಬ್ಯಾಟರಿಗೆ ಎರಡೂ ಕೈ ತಾಕಿದರೆ ಕರೆಂಟು ಎದೆಯೊಳಗಿಂದ ಹಾದು ಹೋಗುತ್ತದಂತೆ, ಹಾಗಾಗಿ ಒಂದೇ ಕೈಯಲ್ಲಿ ಕೆಲಸ. ಒಳ್ಳೆಯದೇ. ಆದರೆ ಆ ರೂಢಿ ಮದುವೆ ಮನೆಗೂ ಬರಬೇಕೇ? ಮೂಡಲಗಿಯಲ್ಲಿ ನಮ್ಮ ಹುಡುಗಿಯೊಬ್ಬಳ ಮದುವೆ. ಗಂಡಿನ ಕಡೆಯ ಹಿರಿಯರು ಕೈಜೋಡಿಸಿದರೆ ಕಾಕಾ ಒಂದೇ ಕೈ ಎತ್ತಿದ.

"ಯಾಕ್ರಿ, ಎಡಗೈ ಮುರದೈತೇನು?"

"ಇಲ್ರಿ, ಎದಿ ಉಳಸ್ಕೊಂಡೇನಿ."

ಮದುವೆಯ ಫೋಟೋಗಳು ಬಂದ ಮೇಲೆ ಬೀಗರ ಊರಿನಿಂದ ಫೋನು: "ಪ್ರತಿ ಫೋಟೋದಾಗೂ ಕೈ ಹಿಂದ ಕಟಗೊಂಡ ನಿಂತಾರಲ್ಲ, ಆ ಇನ್‌ಸ್ಪೆಕ್ಟರ್ ಸಾಹೇಬ್ರು ಯಾರ ಕಡೆಯವ್ರು?"

ಕಾಕಾನ ಕೆಲಸದ ರೀತಿ ಅರ್ಥವಾಗಬೇಕಾದರೆ ನಮ್ಮ ಮನೆತನ ಗೊತ್ತಿರಬೇಕು. ನಾವು ಕುರಿ ಕಾಯುವ ಮಂದಿ. ಕಾಕಾ ಹುಡುಗನಾಗಿದ್ದಾಗ ಅಜ್ಜನ ಹಿಂಡಿನ ಒಂದೊಂದು ಕುರಿಯ ಮುಖವೂ ಅವನಿಗೆ ಗುರುತಿತ್ತಂತೆ. ಕಾರಿನ ಬ್ಯಾಟರಿಯೊಳಗೆ ತೊಂಬತ್ತಕ್ಕೂ ಮೇಲ್ಪಟ್ಟು ಸಣ್ಣ ಸೆಲ್ಲುಗಳಿರುತ್ತವೆ. ಅವನ ಮಟ್ಟಿಗೆ ಅದೊಂದು ಹಿಂಡು. ಒಂದೊಂದನ್ನೂ ಹೊರಗೆ ತೆಗೆದು, ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ನೋಡುತ್ತಾನೆ. ಸೋತದ್ದಕ್ಕೆ ಕುರಿಗೆ ಹಚ್ಚುವ ಕೆಂಪು ಬಣ್ಣ ಹಚ್ಚಿ ಬೇರೆ ಇಡುತ್ತಾನೆ.

"ಹಿಂಡ ನಡಿಯೂದು ಹಿಂದಿನ ಕುರಿ ನಡಿಗೀಲೆ" ಎನ್ನುತ್ತಾನೆ. "ನಾಕ ಕುರಿಗಿ ಜಡ್ಡ ಬಂತಂತ ಯಾರರೆ ಹಿಂಡನ್ನ ಮಾರತಾರೇನು? ಆ ಟೈದಾಂವ ಕುರಿ ಕಾದಾಂವಲ್ಲ ಬಿಡು!"

ಗುರುತಿಗೆಂದು ಸೋತ ಸೆಲ್ಲುಗಳಿಗೆ ಹೆಸರನ್ನೂ ಇಡುತ್ತಾನೆ. ಒಂದು ಸಂಜೆ ಕೆಂಪು ಬಣ್ಣದ ಸೆಲ್ಲೊಂದನ್ನು ಎತ್ತಿ ತೋರಿಸಿದ.

"ಇಂವ ನಮ್ಮ ಹುಕ್ಕೇರಿ ಬೀಗ ನೋಡ ತಂಗಿ. ಪಂಗತಿಯಾಗ ಎಲ್ಲಾರಕಿಂತ ಮೊದಲ ಇವನ ಹೊಟ್ಟಿ ತುಂಬತೈತಿ. ಕೆಲಸಕ್ಕ ನಿಂತ್ರ ಎಲ್ಲಾರಕಿಂತ ಮೊದಲ ಇವನ ದಮ್ಮ ಹೋಗತೈತಿ."

ನಾನು ಕಣ್ಣು ಸನ್ನೆ ಮಾಡಿದೆ. ಪ್ರಯೋಜನವಿಲ್ಲ. ಆ ಗಾಡಿಯ ಮಾಲೀಕರು, ಅಂದರೆ ಸಾಕ್ಷಾತ್ ಹುಕ್ಕೇರಿ ಬೀಗರು, ಚಹಾದ ಕಪ್ಪು ಹಿಡಿದು ನನ್ನ ಹಿಂದೆಯೇ ನಿಂತಿದ್ದರು!

"ನನ್ನ ಹೆಸರಿನದನ್ನ ತಗದ ಒಗದ್ರೇನ್ರಿ?" ಎಂದರು ಬೀಗರು.

ಕಾಕಾನಿಗೆ ಲವಲೇಶವೂ ಗಾಬರಿಯಿಲ್ಲ. "ಹೂನ್ರಿ, ಈಗ ಗಾಡಿ ಚಲೋ ಓಡತೈತಿ!"

ಇಷ್ಟೆಲ್ಲ ಗಾಡಿಗಳು ಬಂದವು, ಹೋದವು. ನನ್ನದು ಮಾತ್ರ ಹೊಟ್ಟೆ ಬಿಚ್ಚಿಕೊಂಡು ಮೂಲೆಯಲ್ಲೇ ನಿಂತಿತ್ತು. ಕೇಳಿದರೆ "ಸಾವಕಾಶ". ಹದಿನೈದನೆಯ ದಿನ ಬಸ್ಸಿನಲ್ಲಿ ಒಬ್ಬಾತ ನನ್ನನ್ನು ಎತ್ತಿ ಸೀಟಿನಲ್ಲಿ ಕೂರಿಸಿದ, ಕೇಳದೆ, ಹೇಳದೆ. ಸುತ್ತಲಿದ್ದವರು ಅವನನ್ನು ಹೊಗಳಿದರು. ನನಗೆ ಎಂಥ ಅವಮಾನವಾಯಿತೆಂದರೆ, ಶೆಡ್ಡಿನ ಮುಂದೆ ಇಳಿದವಳೇ ಕಾಕಾನ ಮೇಲೆ ಹರಿಹಾಯ್ದೆ.

"ನಿನಗ ಆಗೂದಿಲ್ಲಂದ್ರ ಆಗೂದಿಲ್ಲಂತ ಹೇಳು! ಗುಜರಿಗರೆ ಹಾಕತೇನಿ. ನಾ ಇನ್ನ ಬಸ್ಸ್ ಹತ್ತೂದಿಲ್ಲ. ನೌಕರಿ ಬಿಟ್ಟ ಮನ್ಯಾಗ ಕುಂದರತೇನಿ!"

ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟ. "ಇವತ್ತ ಎಣಿಕಿ ಮುಗೀತ ತಂಗಿ. ಎಂಟಕ್ಕ ಬಣ್ಣ ಹಚ್ಚೇನಿ. ಎಂಟ ಬೇಕು."

"ಮತ್ತ ಹೊಸಾವ ತಂದ ಹಾಕು!"

"ಹಳೇ ಹಿಂಡಿನಾಗ ಹೊಸಾ ಟಗರ ಬಿಟ್ರ ಕೂಡಿ ನಡಿಯೂದಿಲ್ಲವಾ. ಬರೂವೂ ಅವುಗಳ ಜೋಡೀನ ಹಣ್ಣಾಗಿರಬೇಕು."

ಹೀಗೆಂದವನು ತನ್ನ ಕುರ್ಚಿಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಆರಿಸಿದ. ಮೇಜಿನ ಕೆಳಗಿನ ಕಟ್ಟಿಗೆಯ ಪೆಟ್ಟಿಗೆಯಿಂದ ಫ್ಯಾನಿನ ವೈರು ಬಿಚ್ಚಿ, ಅದನ್ನು ಹೊಸ್ತಿಲಿಗೆ ಎಳೆದು ತಂದು ಮುಚ್ಚಳ ತೆಗೆದ. ಒಳಗೆ ಸೆಲ್ಲುಗಳು ಸಾಲಾಗಿ ಕೂತಿದ್ದವು.

"ನೀ ಗಾಡಿ ತಂದ ವರ್ಷನ ಸಂಕೇಶ್ವರದ ಗುಜರಿಯಾಗ ಇವನ್ನ ತಗೊಂಡೆ. ಅಪಘಾತ ಆದ ಗಾಡೀವು. ನಿನ್ನ ಗಾಡೀದ ಮಾಡೆಲ್ಲು, ಅದರದ ವರ್ಷ. ನಿನ್ನ ವಾರಂಟಿ ಎರಡ ವರ್ಷ ಉಳದಿತ್ತು. ಮುಂದ ಏನು ಅಂತ ದಿಗಿಲ ಆತು."

ಪೆಟ್ಟಿಗೆಯ ಮೂಲೆಯಲ್ಲಿ ಒಂದು ನೋಟಬುಕ್ಕು. ತೆರೆದೆ. ವಾರವಾರದ ತಾರೀಖು, ಮುಂದೆ ಕಿಲೋಮೀಟರು. ಪ್ರತಿ ರವಿವಾರ ಕಾಕಾ ಫೋನು ಮಾಡಿ "ಈ ವಾರ ಗಾಡಿ ಎಷ್ಟ ಓಡಿತು?" ಎಂದು ಕೇಳುತ್ತಿದ್ದ. ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ನಾನು ಬೈದುಕೊಂಡೇ ಹೇಳುತ್ತಿದ್ದೆ. ನನ್ನ ಗಾಡಿ ಎಷ್ಟು ದಣಿಯುತ್ತದೋ ಅಷ್ಟೇ ಇವೂ ದಣಿಯಲಿ ಎಂದು, ಆ ಲೆಕ್ಕಕ್ಕೆ ಸರಿಯಾಗಿ ಇವುಗಳಿಂದಲೇ ಫ್ಯಾನು ಓಡಿಸುತ್ತಿದ್ದನಂತೆ!

ಒಂದು ಏಪ್ರಿಲ್ ತಿಂಗಳಲ್ಲಿ ಎರಡು ಸೊನ್ನೆಗಳಿದ್ದವು. ನನಗೆ ಟೈಫಾಯ್ಡ್ ಬಂದು ಹದಿನೈದು ದಿನ ಗಾಡಿ ತೆಗೆದಿರಲಿಲ್ಲ. ಆ ಉರಿಬಿಸಿಲಿನಲ್ಲಿ, ಕಾದ ಪತ್ರಾಸಿನ ಕೆಳಗೆ, ಕಾಕಾ ಹದಿನೈದು ದಿನ ಫ್ಯಾನು ಹಾಕಿಕೊಂಡಿರಲಿಲ್ಲ.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಕಾಕಾ ಗಾಬರಿಯಾದ. "ಏ, ಹಿಂದಕ್ಕ ಸರದ ಅಳು! ಬ್ಯಾಟರಿ ತೆರದೈತಿ, ನೀರ ಬಿದ್ದೀತು!"

ಮೂರು ದಿನದ ಮೇಲೆ ಗಾಡಿ ತಯಾರಾಯಿತು. ಅವನು ಕೀಲಿಕೈ ಕೊಡುವಾಗ ಕೇಳಿದೆ, "ನಾಕ ವರ್ಷದಾಗ ಒಂದ ಮಾತರೆ ಹೇಳಬಾರದಾಗಿತ್ತೇನ ಕಾಕಾ?"

ಅವನು ನನ್ನ ಮುಖ ನೋಡಲಿಲ್ಲ. ಟಾಯರಿಗೆ ಒಮ್ಮೆ ಒದ್ದು, ಗಾಳಿ ನೋಡಿದ.

"ಏನ ಹೇಳೂದು? ನೀ ಸಣ್ಣಾಕಿದ್ದಾಗ ದಿನಾ ಹೆಗಲ ಮ್ಯಾಲ ಕುಂದರಿಸಿಕೊಂಡ ಕನ್ನಡ ಸಾಲಿಗಿ ಬಿಟ್ಟ ಬರತಿದ್ನಿ. ಈಗ ಹೆಗಲಿನಾಗ ಶಕ್ತಿ ಉಳದಿಲ್ಲ. ಅದಕ್ಕ ಇದನ್ನ ಕಲತೆ."

"ಬಾ, ಬಾಜೂಕ ಕುಂದರು, ಒಂದ ಸುತ್ತ ಹೋಗಿ ಬರೂಣು" ಎಂದು ಎಷ್ಟು ಕರೆದರೂ ಹತ್ತಲಿಲ್ಲ. "ನೀ ಒಬ್ಬಾಕಿನ ಹೋಗು" ಎಂದ. ನಾನೊಬ್ಬಳೇ ಗಾಡಿ ಓಡಿಸಿಕೊಂಡು ಗೋಕಾಕಕ್ಕೆ ಬಂದೆ. ದಾರಿಯಲ್ಲಿ ಎರಡು ಸಲ ಬದಿಗೆ ನಿಲ್ಲಿಸಿ ಕಣ್ಣು ಒರೆಸಿಕೊಳ್ಳಬೇಕಾಯಿತು.