ನಡುವೆ ಜಾಗ ಬಿಟ್ಟ ಮನೆ

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಕಾಫಿ ಬೇಕೆನಿಸುತ್ತದೆ, ಕಾಫಿ ಕುಡಿದರೆ ನಿದ್ದೆ ಬರುತ್ತದೆ. ಹೀಗೇ ಮುಂದೂಡುತ್ತ ಬಂದೆ. ಇವತ್ತು ಕಾಫಿಯೇ ಬೇಡ ಎಂದಿದ್ದೇನೆ.

ನನ್ನ ಭಾಮೈದನಷ್ಟು ವಿಚಿತ್ರ ಪ್ರಾಣಿ ನಮ್ಮ ಜಿಲ್ಲೆಯಲ್ಲಿಲ್ಲ. ಹೊಳೆನರಸೀಪುರದಲ್ಲಿ ನನ್ನದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಅವನು ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದು ಕಂಪ್ಯೂಟರಿನ ಮುಂದೆ ಕೂತು, ಮೊದಲು ಮೌಸಿನ ಮೇಲೆ ಟವೆಲ್ಲು ಮುಚ್ಚುತ್ತಿದ್ದ.

"ಇಲಿ ಇಡ್ಕಂಡು ಓಡಾಡಕ್ಕೆ ನಾನೇನು ಬೆಕ್ಕಾ ಭಾವ?"

ಆಮೇಲೆ ಒಂದು ಕಪ್ಪು ಕಿಟಕಿ ತೆರೆದು ಟಪಟಪ ಕುಟ್ಟುವನು. ಅದು 'ಶೆಲ್' ಅಂತೆ, ಕುಟ್ಟಿ ಹೇಳಿದ ಕೆಲಸ ಮಾಡುತ್ತದಂತೆ. ಬೇರೆ ಜಾತಿಯ ಕಂಪ್ಯೂಟರಿನಲ್ಲಿ ಹುಟ್ಟಿದ್ದನ್ನು ತಂದು ನಮ್ಮ ವಿಂಡೋಸಿಗೆ ಕಸಿ ಕಟ್ಟಿದ್ದನಂತೆ. ಅರಕಲಗೂಡಿನ ಗಿರಾಕಿ ಬಂದು "ದೊಡ್ಡ ಮಗಳ ಮದ್ವೆಗೆ ಆಕಿದ್ರಲ್ಲ, ಅದೇ ಗಣಪತಿ ಬೇಕು" ಎಂದರೆ, ಒಂದೇ ಸಾಲು ಕುಟ್ಟಿ ಹುಡುಕಿ ತರುವನು. ಗಿರಾಕಿ ಕೈ ಮುಗಿಯುತ್ತಿದ್ದರು, ಗಣಪತಿಗೋ ಇವನಿಗೋ ತಿಳಿಯದು.

ಇಷ್ಟು ಉಪಕಾರ ಮಾಡುವವನ ಮೇಲೆ ಅನುಮಾನ ಬಾರದೆ ಇರುತ್ತದೆಯೇ? ಅದರಲ್ಲೂ ನಾವಿರುವ ಮನೆ ಮಾವನವರು ಮಗಳಿಗೆಂದು ಕೊಟ್ಟದ್ದು. ಖಾತೆ ಮಾತ್ರ ನಾನು ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆ. ಇವನು ಒಂದು ದಿನವೂ ಪಾಲು ಕೇಳಿರಲಿಲ್ಲ. ಕೇಳದೆ ಇದ್ದದ್ದೇ ನನ್ನ ಅನುಮಾನಕ್ಕೆ ಕಾರಣ.

ಒಂದು ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಬಂದರೆ, ಹಾಸನದ ಗೆಳೆಯನ ಜೊತೆ ಫೋನಿನಲ್ಲಿದ್ದಾನೆ.

"ಮನೆ ಇನ್ನೂ ಭಾವನ ಎಸ್ರಲ್ಲೇ ಐತೆ ಕಣ್ಲಾ. ಮಧ್ಯ ಖಾಲಿ ಜಾಗ ಬಿಟ್ಟವ್ರೆ, ಅದೇ ತಕರಾರು. ಇವತ್ತೇ ಮನೆ ಬದಲಾಯಿಸ್ಬುಡ್ತೀನಿ. ಭಾವಂಗೆ ಯೋಳಾದ್ ಬ್ಯಾಡ, ಗಾಬರಿ ಬೀಳ್ತರೆ."

ನಮ್ಮ ಮನೆಗೂ ಕೊಟ್ಟಿಗೆಗೂ ನಡುವೆ ಖಾಲಿ ಜಾಗ ಇರುವುದು ನಿಜ! ಮಾರನೆಯ ದಿನವೇ ಹಾಸನದ ವಕೀಲರ ಮುಂದೆ ಕೂತೆ.

"ಕೇಸು ಹಾಕಿದಾನಾ ಯಜಮಾನ್ರೇ?"

"ಇಲ್ಲ ಸಾ, ಫೋನಲ್ಲಿ ಮಾತಾಡವ್ನೆ."

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

ಗೌರಿಹಬ್ಬ ಬಂತು. ಅಕ್ಕನಿಗೆ ಬಾಗಿನ ಹಿಡಿದು ಬಂದವನನ್ನು ಹೊಸಿಲಲ್ಲೇ ತಡೆದೆ. ಒಳಗೆ ಮನೆ ತುಂಬ ಹೆಂಗಸರು.

"ಬಾಗಿನ ಕೊಟ್ಟು ಮನೆ ಒಡ್ಕಳಕ್ ಬಂದ್ಯೇನ್ಲಾ?"

"ಯಾವ ಮನೆ ಭಾವ?"

"ಮಧ್ಯ ಜಾಗ ಇರಾ ಮನೆ."

ಅವನಿಗೆ ನಗು ಬಂತು. "ಅಯ್ಯೋ, ಅದು ಶೆಲ್ಲಿನ ಮನೆ ಭಾವ. ಅದರ ಫೈಲೆಲ್ಲ ಇಡಕ್ಕೆ ಮನೆ ಇಂಥ ಕಡೆ ಅಂತ ನಾವೇ ತೋರಿಸ್ಬೇಕು. ವಿಂಡೋಸು ನಿಮ್ಮ ಎಸ್ರಿನ ಫೋಲ್ಡರನ್ನೇ ಮನೆ ಅಂತ ತೋರುಸ್ತು. ಎಸ್ರಲ್ಲಿ ಎರಡು ಪದದ ಮಧ್ಯ ಜಾಗ ಇದ್ರೆ ಶೆಲ್ಲು ದಾರಿ ತಪ್ತದೆ, ಅದಕ್ಕೇ ಬ್ಯಾರೆ ಕಡೆ ಮಾಡ್ದೆ."

"ಕಂಪ್ಯೂಟರಿಗೆ ಮನೆ ಯಾತಕ್ಲಾ? ಅದೇನು ಸಂಸಾರ ಮಾಡ್ತದಾ?"

ಒಳಗಿದ್ದವರು ಅವನನ್ನು ನೋಡಿ ನಕ್ಕರು. ಅವನ ನಗು ನಿಂತಿತು. ಬಾಗಿನದ ಮೊರವನ್ನು ಹೊಸಿಲ ಮೇಲಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ.

ಮುಂದಿನ ಮದುವೆಯ ಕಾಲಕ್ಕೆ ಮತ್ತೊಬ್ಬ ಗಿರಾಕಿ ಹಳೆಯ ಪತ್ರಿಕೆ ಕೇಳಿದ. ಬೇರೆ ದಾರಿ ಕಾಣದೆ ಕಪ್ಪು ಕಿಟಕಿ ತೆರೆದೆ. ಮನೆ ಎಲ್ಲಿದೆ ಎಂದು ಕೇಳುವ ಸಾಲು ಅವನು ಹಿಂದೆ ಅಂಟಿಸಿಹೋಗಿದ್ದ ಚೀಟಿಯಲ್ಲಿತ್ತು. ತಡವರಿಸುತ್ತ ಕುಟ್ಟಿದೆ. ಉತ್ತರ ಬಂತು: ಡಿ ಡ್ರೈವಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, 'ಅಕ್ಕನಮನೆ'. ನಡುವೆ ಎಲ್ಲೂ ಜಾಗ ಬಿಟ್ಟಿರಲಿಲ್ಲ.

ಈಗಲೂ ಗೌರಿಹಬ್ಬದ ದಿನ ನನ್ನ ಹೆಂಡತಿ ಬಾಗಿಲು ಮುಚ್ಚಲು ಬಿಡುವುದಿಲ್ಲ. ನಾನು ಚನ್ನರಾಯಪಟ್ಟಣದ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಇಳಿದು ಬಂದದ್ದೂ ಉಂಟು. ಇಲ್ಲಿಯೂ ಇಷ್ಟು ಹೊತ್ತು ಭಾಮೈದ, ಅವನು, ಇವನು ಎನ್ನುತ್ತ ತಪ್ಪಿಸಿಕೊಂಡೆ.

ಅವನ ಹೆಸರು ಪುಟ್ಟಸ್ವಾಮಿ.