ನಾಯಿಯ ಕಡೆಯವರು

ನಾಯಿ ತರುವ ವಿಷಯವನ್ನು ಧರ್ಮ ಊರಲ್ಲಿ ಯಾರಿಗೂ ಹೇಳಲಿಲ್ಲ. ಎಡವಟ್ಟು ಶುರುವಾದದ್ದೇ ಅಲ್ಲಿ.

ಅವನ ಗದ್ದೆಗೆ ಕಾಡುಹಂದಿ ಕಾಟ. ಪಾಳ್ಯದ ಬೀದಿನಾಯಿಗಳೋ, ಹಂದಿ ಕಂಡರೆ ಅವನಿಗಿಂತ ಮುಂಚೆ ಮನೆ ಸೇರುತ್ತಿದ್ದವು. ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಶೆಲ್ಟರ್ ಒಂದು ಹಾಸನದಲ್ಲಿದೆ, ದೊಡ್ಡ ಜಾತಿಯವೂ ಸಿಗುತ್ತವೆ ಎಂದು ಕೇಳಿ ಹೋಗಿ ನೋಡಿದ. ಅಲ್ಲೊಂದು ಗ್ರೇಟ್ ಡೇನ್ ಇತ್ತು. ಯಾರೋ ಮರಿಯಿದ್ದಾಗ ಮುದ್ದಾಡಿ, ಕರುವಿನಷ್ಟು ಬೆಳೆದ ಮೇಲೆ ತಂದು ಬಿಟ್ಟುಹೋಗಿದ್ದ ಹೆಣ್ಣುನಾಯಿ. ಅದು ಧರ್ಮನನ್ನು ಕಂಡದ್ದೇ ಹಿಂಗಾಲ ಮೇಲೆ ಎದ್ದು ನಿಂತು, ಎರಡೂ ಹೆಗಲಿಗೆ ಕಾಲು ಹಾಕಿ ಮುಖ ಪೂರ್ತಿ ನೆಕ್ಕಿತು. ಅವನನ್ನು ನೋಡಿ ಇಷ್ಟು ಸಂತೋಷಪಟ್ಟವರು ಈವರೆಗೆ ಯಾರೂ ಇರಲಿಲ್ಲ. ಹತ್ತಾರು ಮನೆಗೆ ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು ಬಂದವನಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಯಿತು. ಹಂದಿ ಮರೆತುಹೋಯಿತು. ಈ ನಾಯಿ ಬೇಕೇ ಬೇಕು ಎನಿಸಿತು.

“ಮನೆ ನೋಡದೆ ಕೊಡಲ್ಲ. ಅಕ್ಕಪಕ್ಕ ವಿಚಾರಿಸ್ತೀವಿ,” ಎಂದರು ಶೆಲ್ಟರಿನ ನಯನಾ ಮೇಡಂ.

ತಾಯಿ ಲಿಂಗಮ್ಮನಿಗೆ ಹೇಳಿದರೆ, ಕರುವಿನಂಥ ನಾಯಿ ಕಟ್ಟಿಕೊಂಡೋನಿಗೆ ಯಾರು ಹೆಣ್ಣು ಕೊಡ್ತಾರೋ ಎಂದು ರಂಪ ಮಾಡುತ್ತಿದ್ದಳು. ಧರ್ಮ ಬಾಯಿ ಮುಚ್ಚಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ನಯನಾ ಮೇಡಂ ಬಂದಿಳಿದವರು ನೆಟ್ಟಗೆ ಪುಟ್ಟಸ್ವಾಮಿಯ ಹೋಟೆಲಿಗೆ ಹೋದರು. ಬಂದ ಕಾರಣ ಹೇಳಿದರೆ ಜನ ನಿಜ ಹೇಳುವುದಿಲ್ಲ ಎಂಬುದು ಅವರ ಅನುಭವ.

“ಇಲ್ಲಿ ಧರ್ಮ ಅಂತ ಇದಾರಲ್ಲ, ಹೇಗೆ ಮನುಷ್ಯ?”

ಕಾರಣ ಹೇಳದೆ ಒಬ್ಬ ಗಂಡಸಿನ ಗುಣ ಕೇಳುವವರು ಪಾಳ್ಯದಲ್ಲಿ ಒಂದೇ ಥರದವರು: ಹೆಣ್ಣಿನ ಕಡೆಯವರು. ಪುಟ್ಟಸ್ವಾಮಿ ಬೋಂಡಾ ಬಾಣಲೆಯಲ್ಲೇ ಬಿಟ್ಟು ಬೆಂಚು ಒರೆಸಿದ. ಧರ್ಮನ ಪಕ್ಕದ ಮನೆಯ ಇಂದ್ರಮ್ಮ ಯಾರೂ ಕರೆಯದೆಯೇ ಬಂದು ನಿಂತಳು.

“ಬಂಗಾರ ಕಣ್ರೀ ಹುಡುಗ! ಹೊತ್ತು ಹುಟ್ಟೋಕ್ ಮುಂಚೆ ಮನೆ ಬಿಟ್ರೆ ಕತ್ಲಾದ್ಮೇಲೇ ಬರೋದು. ದುಡಿಮೆ ಅಂದ್ರೆ ದುಡಿಮೆ,” ಎಂದ ಪುಟ್ಟಸ್ವಾಮಿ.

“ಹಾಗಾದ್ರೆ ಹಗಲು ಮನೇಲಿ ಯಾರಿರ್ತಾರೆ?”

“ಒಂದು ನರಪಿಳ್ಳೆ ಇರಲ್ಲ. ಅವ್ರವ್ವನೂ ಇಷ್ಟರಲ್ಲೇ ತಮ್ಮನ ಮನೆಗೆ ಹೋಗ್ಬುಡ್ತಾಳೆ,” ಇಂದ್ರಮ್ಮ ಅತ್ತೆಯ ಕಾಟ ಇಲ್ಲವೆಂದು ಸೂಕ್ಷ್ಮವಾಗಿ ತಿಳಿಸಿದಳು.

“ಪ್ರಾಣಿಗಳು ಕಂಡ್ರೆ ಇಷ್ಟಾನಾ?”

ಪೇಟೆ ಹುಡುಗಿ, ಸಗಣಿ ಆಗಲ್ಲ ಅಂತ ಕಾಣುತ್ತೆ ಎಂದುಕೊಂಡಳು ಇಂದ್ರಮ್ಮ. “ಅಯ್ಯೋ ಬುಡಿ! ನಾಯಿ ಹೊಸ್ತಿಲು ತುಳಿದ್ರೆ ಕಾಲು ಮುರೀತಾನೆ. ಅಷ್ಟು ಸ್ವಚ್ಛ!”

“ನೀವು ಹೂಂ ಅನ್ನಿ, ನಾಳೇನೇ ಎಲ್ಲ ಮಾರಿ ಹಾಸನದಾಗೆ ಎರಡು ರೂಮಿನ ಮನೆ ಮಾಡ್ತಾನೆ,” ಎಂದು ಪುಟ್ಟಸ್ವಾಮಿ ಕೊನೆಯ ಕಲ್ಲು ಹಾಕಿದ.

ಮೇಡಂ ಮುಖ ಬಾಣಲೆಯ ಬೋಂಡಾದ ಜೊತೆಜೊತೆಗೇ ಕಪ್ಪಾಯಿತು. ಧರ್ಮನ ಮನೆ ಬಾಗಿಲಲ್ಲೇ ನಿಂತು, “ನಿಮಗೆ ಕೊಡೋಕಾಗಲ್ಲ, ಕ್ಷಮಿಸಿ,” ಎಂದರು. ಕಾರಣ ಕೇಳಿ ಧರ್ಮ ಅತ್ತೇಬಿಡುವಂತಾದ. ಅವನನ್ನು ನೋಡಲಾರದೆ ಮೇಡಂ, “ನಮ್ಮ ಹಿರಿಯರೊಬ್ರು ಸಂಜೆ ಇನ್ನೊಂದ್ಸಲ ವಿಚಾರಿಸ್ತಾರೆ. ಅದೇ ಕೊನೆ,” ಎಂದು ಹೊರಟರು.

ಧರ್ಮ ಹೋಟೆಲಿಗೆ ಹೋಗಿ ವಿಷಯ ಬಾಯಿಬಿಟ್ಟದ್ದೇ, “ನಾಯಿಗಾ?” ಎಂದು ಪುಟ್ಟಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಮೊದ್ಲೇ ಬೊಗಳೋಕೇನಾಗಿತ್ತೋ ಮಾರಾಯ! ನಾವಿಲ್ಲಿ ನಿಂಗೆ ಮದ್ವೇನೇ ಮಾಡ್ತಿದ್ವಲ್ಲೋ.”

“ಸಂಜೆ ಇನ್ನೊಬ್ರು ಬರ್ತಾರೆ ಕಣಣ್ಣ. ನಾಯಿ ಸಾಕೋನು ಹೆಂಗಿರ್ಬೇಕೋ ಹಂಗೆ ಹೇಳಿ. ಆದ್ರೆ ನಾಯಿ ಅನ್ನೋ ಮಾತು ನಿಮ್ಮ ಬಾಯಾಗೆ ಬರಬಾರ್ದು. ನಾನು ಹೇಳ್ಕೊಟ್ಟಿದ್ದು ಅಂತ ಗೊತ್ತಾಗ್ಬುಡ್ತದೆ.”

“ನೀನು ಹೋಗಪ್ಪ, ನಾವಿದೀವಿ,” ಎಂದಳು ಇಂದ್ರಮ್ಮ. ಆ ಮಾತಿಗೇ ಅವನು ಹೆದರಬೇಕಿತ್ತು. ಹೆದರದೆ ಕೊಟ್ಟಿಗೆ ಗುಡಿಸಲು ಹೋದ.

ಸಂಜೆ ಬಿಳಿ ಪಂಚೆಯ ಹಿರಿಯರೊಬ್ಬರು ಬಸ್ಸಿಳಿದು ಬಂದರು. ಟೀ ಹೇಳಿ, ಅತ್ತಿತ್ತ ನೋಡಿ, “ಧರ್ಮ ಅನ್ನೋರು ಹೆಂಗೆ?” ಎಂದರು. ಪುಟ್ಟಸ್ವಾಮಿ ಇಂದ್ರಮ್ಮನಿಗೆ ಕಣ್ಣು ಹೊಡೆದ.

“ಇಪ್ಪತ್ನಾಲ್ಕು ಗಂಟೆ ಮನೇಲೇ ಇರ್ತಾನೆ ಸಾರ್. ಕೆಲಸ ಗಿಲಸ ಏನೂ ಹಚ್ಕೊಂಡಿಲ್ಲ.”

ಹಿರಿಯರ ಹುಬ್ಬು ಮೇಲೇರಿತು. “ಬಂದೋರನ್ನ ನೋಡ್ಕೋತಾನಾ?”

“ಅಯ್ಯೋ, ಕೊಟ್ಟಿಗೇಲಿ ಹುಲ್ಲು ಹಾಸಿ ಜಾಗಾನೂ ಮಾಡ್ಬುಟ್ಟವ್ನೆ,” ಎಂದಳು ಇಂದ್ರಮ್ಮ. “ಹಗ್ಗ ಆದ್ರೆ ಕಿತ್ಕೊಂಡು ಓಡ್ಬುಡ್ತದೆ ಅಂತ ಕಬ್ಬಿಣದ ಚೈನು ತಂದವ್ನೆ.”

“ಚೈನಾ?”

“ಹಗಲು ಮಾತ್ರ ಸಾರ್. ರಾತ್ರಿ ಬಿಚ್ಚಿ ಗದ್ದೆಗೆ ಬುಡ್ತಾನೆ. ಹಂದಿ ಓಡ್ಸಬೇಕಲ್ಲ?”

“ಊಟ?” ಹಿರಿಯರು ಬೆಂಚಿನ ತುದಿಗೆ ಸರಿದರು.

“ಎರಡು ಹೊತ್ತೂ ಮುದ್ದೆ. ವಾರಕ್ಕೊಂದ್ಸಲ ಮೂಳೆ.”

“ಕೈ... ಕೈಗೀ ಮಾಡ್ತಾನಾ?”

“ಛೆ ಛೆ! ಕಚ್ಚಿದ್ರೂ ಹೊಡೆಯೋನಲ್ಲ. ಮಕ್ಳುಮರಿ ಆಗ್ದಂಗೆ ಆಪರೇಷನ್ ಮಾಡ್ಸಿ ಆಮೇಲೇ ಮನೆ ತುಂಬಿಸ್ಕೊಳ್ಳೋದು. ಅಷ್ಟು ಮುಂದಾಲೋಚನೆ ಐತೆ.”

ಹಿರಿಯರು ಟೀ ಮುಟ್ಟದೆ ಎದ್ದು, ಪಂಚೆ ಎತ್ತಿ ಹಿಡಿದು ಬಸ್ ಸ್ಟ್ಯಾಂಡಿನತ್ತ ಹೆಚ್ಚುಕಮ್ಮಿ ಓಡಿದರು.

“ಪಾಪ, ಕಣ್ಣಾಗೆ ನೀರೇ ಬಂದ್ಬುಡ್ತು ಅವ್ರಿಗೆ,” ಎಂದಳು ಇಂದ್ರಮ್ಮ ತೃಪ್ತಿಯಿಂದ.

ಧರ್ಮ ಓಡೋಡಿ ಬಂದು ಸುದ್ದಿ ಕೇಳಿ ಹಿಗ್ಗುವಷ್ಟರಲ್ಲಿ ಲಿಂಗಮ್ಮ ಹುಲ್ಲಿನ ಹೊರೆ ಸಮೇತ ನುಗ್ಗಿದಳು.

“ಏನಂದ್ರೋ ಆ ವನಗೂರು ಸುಬ್ಬಯ್ಯನೋರಿಗೆ? ಮಗಳನ್ನ ನಮ್ಮ ಧರ್ಮನಿಗೆ ಕೊಡೋ ಮನಸ್ಸೈತೆ, ಗುಟ್ಟಾಗಿ ಬಂದು ವಿಚಾರಿಸ್ತಾರೆ ಅಂತ ನನ್ನ ತಮ್ಮ ಹೇಳ್ಕಳ್ಸಿದ್ದ. ದಾರೀಲಿ ಕೈ ಮುಗಿದ್ರೆ, ‘ನೀನೂ ಒಬ್ಳು ಹೆಂಗ್ಸೇನಮ್ಮಾ’ ಅಂದ್ಬುಟ್ಟು ಓಡೋದ್ರು!”

ಧರ್ಮ ಬೆಂಚಿನ ಮೇಲೆ ಕುಸಿದ.

“ಹೋಗ್ಲಿ ಬುಡು ಮಾರಾಯ,” ಕೊನೆಗೆ ಪುಟ್ಟಸ್ವಾಮಿ ಬೆನ್ನು ತಟ್ಟಿದ. “ಹೆಣ್ಣು ಹೋದ್ರೆ ಹೋಯ್ತು. ನಾಯಿ ಕಡೆಯೋರು ಇನ್ನೂ ಬಂದೇ ಇಲ್ವಲ್ಲ. ಅವ್ರಿಗೆ ಸರಿಯಾಗಿ ಹೇಳಣ.”

ನಿಜ ಹೇಳಬೇಕೆಂದರೆ ಧರ್ಮನಿಗೂ ಅಷ್ಟೊತ್ತಿಗೆ ಅದೇ ಹೊಳೆದು, ಮನಸ್ಸು ಹಗುರಾಗತೊಡಗಿತ್ತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ನಯನಾ ಮೇಡಂ.

“ನಮ್ಮ ಹಿರಿಯರು ಬಂದು ವಿಚಾರಿಸಿ ಆಯ್ತು ಧರ್ಮ ಅವ್ರೇ. ಆ ಹೋಟೆಲಿನವರನ್ನ ಕೇಳೋದು ಬೇಡ ಅಂತ ನಾನೇ ಹೇಳಿದ್ದೆ. ಬಸ್ ಸ್ಟ್ಯಾಂಡಲ್ಲಿ ಯಾರೋ ಯಜಮಾನ್ರು ಸಿಕ್ಕಿದ್ರಂತೆ. ಬಿಳಿ ಪಂಚೆ. ನಿಮ್ಮ ಮನೆ ವಿಷಯ ಪೂರ್ತಿ ಗೊತ್ತಿರೋರು.”

“ಏನಂದ್ರು ಮೇಡಂ?”

“ಅವನಿಗೆ ನಾಯೀನೂ ಕೊಡ್ಬೇಡಿ ಅಂದ್ರಂತೆ.”