ಡಿಕ್ಕಿಯಲ್ಲಿದ್ದ ಚಕ್ರಗಳ ಗಾಳಿಯನ್ನೂ ಕಾಯ್ದ ಹಳದಿ ದೀಪದವರಿಗೆ

ಮಾನ್ಯರೇ,

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ವೇಗದ ಮುಳ್ಳಿನ ಎಡಕ್ಕೆ, ಕುದುರೆ ಲಾಳದಂಥ ಚಿತ್ರದ ನಡುವೆ ಉದ್ಗಾರ ಚಿಹ್ನೆಯೊಂದನ್ನು ಹೊತ್ತು ಬೆಳಗುವ ತಮಗೂ, ಚಕ್ರಗಳೊಳಗಿನ ಕತ್ತಲಲ್ಲಿ ಕುಳಿತು ಗಾಳಿಯ ಒತ್ತಡ ಅಳೆದು ತಮಗೆ ಸುದ್ದಿ ಮುಟ್ಟಿಸುವ ತಮ್ಮ ಸೆನ್ಸರು ಬಂಧುಗಳಿಗೂ ಕುಹ್ಮೊ ಊರಿನ ಹಿಲ್ಯಾ ಮೊಯ್ಲನೆನ್ ಮಾಡುವ ನಮಸ್ಕಾರಗಳು. ಇಲ್ಲಿ ಕೆರೆಯ ಅಂಚು ಹೆಪ್ಪುಗಟ್ಟಿದೆ. ತಾವು ಬೆಚ್ಚಗಿದ್ದೀರೆಂದು ನಂಬಿದ್ದೇನೆ, ಏಕೆಂದರೆ ಅಕ್ಟೋಬರಿನಲ್ಲಿ ವಾರಗಟ್ಟಲೆ ತಾವು ಒಂದು ಗಳಿಗೆಯೂ ಆರಿದ್ದನ್ನು ನಾನು ಕಾಣಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಬಟಾಟೆ ಬೇಯಿಸಿ ಆಯುಷ್ಯ ಕಳೆದವಳು ನಾನು. ದಿನಚರಿಯಲ್ಲಿ ಹವೆ ಹೇಗಿತ್ತು, ಯಾರು ಬಂದಿದ್ದರು ಎಂದು ಎರಡು ಸಾಲು ಗೀಚುವುದು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ತಮ್ಮಂಥ ದೊಡ್ಡವರಿಗೆ ಪತ್ರ ಬರೆಯುವ ರೀತಿ ತಪ್ಪಿದ್ದರೆ ಮನ್ನಿಸಬೇಕು.

ನನ್ನ ಗಂಡ ಔಲಿಸ್ ಆಗಸ್ಟಿನಲ್ಲಿ ತೀರಿಕೊಂಡ. ಮೀನಿನ ಬಲೆ ಒಣಹಾಕಲು ಹೋದವನು ದೋಣಿಯ ಪಕ್ಕದಲ್ಲಿ ಕುಳಿತ, ಮತ್ತೆ ಏಳಲಿಲ್ಲ. ಇದು ತಮಗೆ ತಿಳಿದಿರಲಾರದು; ಇಂಥದ್ದನ್ನು ಅಳೆಯುವ ಕೆಲಸ ತಮ್ಮ ಇಲಾಖೆಗೆ ಬರುವುದಿಲ್ಲ. ಆದರೆ ಅವನು ವಸಂತದಲ್ಲೇ ಮುಂದಿನ ಚಳಿಗಾಲಕ್ಕೆಂದು, ಹಿಮದಲ್ಲಿ ಜಾರದಂತೆ ಮೊಳೆಗಳಿರುವ ಹೊಸ ಚಕ್ರಗಳನ್ನು, ಒಳಗೆ ಹೊಸ ಸೆನ್ಸರುಗಳ ಸಮೇತ, ವೆಸಾನ ಟೈರು ಅಂಗಡಿಯಲ್ಲಿ ಕೊಂಡು ಅಲ್ಲೇ ಕಪಾಟಿನಲ್ಲಿ ಇರಿಸಿದ್ದ. ರಸ್ತೆಯ ಮೇಲೆ ಮೊದಲ ಹಿಮದ ಬಿಳಿ ಕಂಡ ಬೆಳಿಗ್ಗೆ ನಾನು ಹೋದೆ. ವಿಧವೆಯರೊಡನೆ ಏನು ಮಾತಾಡಬೇಕೆಂದು ತಿಳಿಯದ ವೆಸಾ ಟೈರಿನ ವಿಷಯ ಮಾತ್ರ ಆಡಿದ, ಅದಕ್ಕೆ ಅವನಿಗೆ ನನ್ನ ಕೃತಜ್ಞತೆಗಳು. ಬೇಸಿಗೆಯ ಚಕ್ರ ಬಿಚ್ಚಿ ಕಪಾಟಿಗೇರಿಸಿದ, ಹೊಸವನ್ನು ಹಾಕಿದ, ಕೈಯಲ್ಲಿ ಹಿಡಿಯುವ ಒಂದು ಯಂತ್ರದಿಂದ ಹೊಸ ಸೆನ್ಸರುಗಳ ಗುರುತನ್ನು ಕಾರಿಗೆ ಹೇಳಿಕೊಟ್ಟ.

ತಾವು ಆಗ ಬೆಳಗಿದಿರಿ. ನಾಲ್ಕೂ ಚಕ್ರಗಳಲ್ಲಿ ಗಾಳಿ ಕಡಿಮೆ ಎಂಬುದು ತಮ್ಮ ಅಭಿಪ್ರಾಯವಾಗಿತ್ತು.

"ಗಾಳಿ ಸರಿಯಾಗೇ ಇದೆ," ಎಂದ ವೆಸಾ, ಮೀಟರು ಹಿಡಿದು ಕಾರಿನ ಸುತ್ತ ಬಂದು.

"ಸರಿಯಾಗಿಲ್ಲ ಅಂತ ದೀಪ ಹೇಳ್ತಿದೆಯಲ್ಲೋ."

"ದೀಪಕ್ಕೇನು ಗೊತ್ತು ಹಿಲ್ಯಕ್ಕ?"

"ನಿನ್ನ ಮೀಟರಿಗೇನು ಗೊತ್ತು ಅಂತ ಅದೂ ಕೇಳಬಹುದು."

ಅವನು ತಲೆ ಕೆರೆದುಕೊಂಡು, "ಕಾರು ಇನ್ನೂ ಕಲೀತಿರಬೇಕು. ಕೆರೆ ಸುತ್ತ ಒಂದು ಸಲ ಹೋಗಿಬನ್ನಿ, ಕಲಿಯುತ್ತೆ," ಎಂದ. ನಾನು ಕೆರೆಯನ್ನು ಸುತ್ತಿದೆ. ಮರುದಿನವೂ ಸುತ್ತಿದೆ. ಸುತ್ತಿ ಸುತ್ತಿ ಕೆರೆಯೇ ನನ್ನ ಗುರುತು ಹಿಡಿಯುವಂತಾಯಿತು, ತಮ್ಮ ಕಾರು ಮಾತ್ರ ಏನನ್ನೂ ಕಲಿಯಲಿಲ್ಲ. ತಮ್ಮ ಹಿಡಿದ ಪಟ್ಟು ಬಿಡದ ಗುಣವನ್ನು ನಾನು ಇಲ್ಲಿ ಬಾಯ್ತುಂಬ ಹೊಗಳಲೇಬೇಕು. ನಮ್ಮ ಪುರಸಭೆಯವರಾದರೂ ಮೂರನೆಯ ಸಲ ಕೇಳಿದಾಗ ಉತ್ತರ ಬದಲಿಸುತ್ತಾರೆ.

ನನಗೇಕೆ ಅಷ್ಟು ಅವಸರವಿತ್ತೆಂದು ತಾವು ಕೇಳಬಹುದು. ಔಲಿಸನ ಬೂದಿಯ ಪಾತ್ರೆಯನ್ನು ಅವನು ಹುಟ್ಟಿದ ಊರಿನ ಚರ್ಚಿನ ಹಿಂದೆ, ಅವನ ತಾಯಿಯ ಪಕ್ಕದಲ್ಲಿ ಇಳಿಸಬೇಕಿತ್ತು. ಅಲ್ಲಿ ಗುಂಡಿ ತೋಡುವ ಮುದುಕ ಒಸ್ಮೊ ಫೋನಿನಲ್ಲಿ ಖಂಡಿತವಾಗಿ ಹೇಳಿದ್ದ: "ಈ ಶನಿವಾರ ಬಂದ್ರೆ ಸರಿ. ನೆಲ ಕಲ್ಲಾದ ಮೇಲೆ ನನ್ನ ಕೈಲಾಗಲ್ಲ, ಆಮೇಲೆ ವಸಂತಕ್ಕೇ." ಚಳಿಗಾಲವಿಡೀ ಔಲಿಸನನ್ನು ಅಡುಗೆಮನೆಯ ಕಿಟಕಿಯಲ್ಲಿ ಕೂರಿಸಿಕೊಂಡಿರಲು ನನಗೆ ಆಗುತ್ತಿರಲಿಲ್ಲ. ಇನ್ನೊಬ್ಬರ ಕಾರಿನಲ್ಲಿ ಒಯ್ಯಲೂ ಮನಸ್ಸಿರಲಿಲ್ಲ. ಬದುಕಿದ್ದಾಗ ಬೇರೆಯವರ ಕಾರಿನಲ್ಲಿ ಕುಳಿತರೆ ಕಾಲಿನಿಂದ ಇಲ್ಲದ ಬ್ರೇಕು ತುಳಿಯುತ್ತಿದ್ದವನು ಅವನು.

ಆದರೆ ಕಾರಿನ ವಾರ್ಷಿಕ ತಪಾಸಣೆಯ ಗಡುವು ಬಂದಿತ್ತು, ದುಃಖದಲ್ಲಿ ನಾನು ಅದನ್ನು ಕೊನೆಯ ದಿನದವರೆಗೂ ತಳ್ಳಿದ್ದೆ. ತಪಾಸಣೆಯ ಹುಡುಗಿ ಅಡಿಯೆಲ್ಲ ನೋಡಿ, ಬ್ರೇಕು ಮೆಚ್ಚಿ, ಕೊನೆಗೆ ತಮ್ಮನ್ನು ಕಂಡಳು.

"ದೀಪ ಉರೀತಿದೆ. ಪಾಸ್ ಮಾಡೋಕಾಗಲ್ಲ."

"ಗಾಳಿ ತುಂಬಿದೆಯಮ್ಮಾ, ಬೇಕಾದ್ರೆ ಮುಟ್ಟಿ ನೋಡು."

"ನಾನು ಗಾಳಿ ನೋಡಲ್ಲ. ದೀಪ ನೋಡ್ತೀನಿ."

ಸರಿಪಡಿಸಿ ಮತ್ತೆ ತಂದು ತೋರಿಸುವ ತನಕ ಕಾರನ್ನು ರಿಪೇರಿಗಲ್ಲದೆ ಬೇರೆಲ್ಲಿಗೂ ಒಯ್ಯುವಂತಿಲ್ಲ ಎಂದು ಅವಳು ಬಹಳ ಮರ್ಯಾದೆಯಿಂದ ತಿಳಿಸಿದಳು. ಶನಿವಾರಕ್ಕೆ ಎರಡು ದಿನವಿತ್ತು.

ಮರುದಿನ ಔಲಿಸನ ಅಕ್ಕ ಐಲಿ ಬಸ್ಸಿನಲ್ಲಿ ಬಂದಳು, ಕೈಯಲ್ಲಿ ಏಲಕ್ಕಿ ಬನ್ನಿನ ದೊಡ್ಡ ಡಬ್ಬಿ. ಐಲಿ ಎಂದರೆ ಅಂತ್ಯಸಂಸ್ಕಾರದಲ್ಲೂ ಪಾದ್ರಿಗೆ ಸ್ವಲ್ಪ ಜೋರಾಗಿ ಮಾತಾಡಪ್ಪ ಎಂದವಳು. ಡಬ್ಬಿಯನ್ನು ಈಗಲೇ ಕಾರಿನಲ್ಲಿಟ್ಟರೆ ಮರೆಯುವುದಿಲ್ಲವೆಂದು ಹೋಗಿ ಡಿಕ್ಕಿ ತೆಗೆದಳು, ಕಂಬಳಿ ಸರಿಸಿದಳು.

"ಹಿಲ್ಯಾ, ಈ ಹಳೇ ಚಕ್ರಗಳು ಇಲ್ಯಾಕಿವೆ?"

"ಔಲಿಸ್ ತುಂಬಿಸಿದ್ದು. ತೀರಿಕೊಂಡ ವಾರವೇ ವೆಸಾನ ಹತ್ರ ಎಸೆಯೋಕೆ ಕೊಡ್ತೀನಿ ಅಂದಿದ್ದ."

"ಎಸೆಯೋಕೆ ತಾನೇ ತುಂಬಿಸಿದ್ದು, ಕೆರೆ ಸುತ್ತಿಸೋಕಲ್ಲವಲ್ಲ."

ಸವೆದುಹೋದ ಹಳೆಯ ಚಳಿಗಾಲದ ಚಕ್ರಗಳು ಅವು. ಬಟ್ಟೆ ಒಣಹಾಕುವ ಹಗ್ಗದಿಂದ ಅವನು ಕಟ್ಟಿದ್ದ ಗಂಟುಗಳು ಹಾಗೇ ಇದ್ದವು. ನಾನು ಮೇಲೊಂದು ಕಂಬಳಿ ಹೊದಿಸಿ ಎರಡು ತಿಂಗಳು ಡಿಕ್ಕಿ ತೆಗೆದಿರಲಿಲ್ಲ, ತರಕಾರಿಯನ್ನೂ ಮುಂದಿನ ಸೀಟಿನಲ್ಲೇ ತರುತ್ತಿದ್ದೆ. ಐಲಿ ಅಲ್ಲಿಂದಲೇ ವೆಸಾನಿಗೆ ಫೋನು ಮಾಡಿದಳು.

"ಹಳೇ ಸೆನ್ಸರೂ ಅದರೊಳಗೇ ಇವೆಯಾ?" ಎಂದ ವೆಸಾ. "ಹಾಗಾದ್ರೆ ಕಾರು ಆ ಹಳಬರ ಮಾತೇ ಕೇಳ್ತಿದೆ ಕಣಕ್ಕ. ಅಷ್ಟು ಚಳಿಗಾಲ ಅವರ ಜೊತೆ ಓಡಿದೆ, ಈಗಲೂ ಹಿಂದೆ ಕೂತು ಕೂಗ್ತಿದ್ದಾರೆ. ಹೊಸಬರನ್ನ ಯಾಕೆ ನಂಬುತ್ತೆ? ಆ ಹಳೇ ಚಕ್ರಗಳ ಗಾಳಿ ಯಾವತ್ತೋ ಇಳಿದುಹೋಗಿರುತ್ತೆ."

ಹೀಗೆ ತಾವು ಒಂದು ದಿನವೂ ಸುಳ್ಳು ಹೇಳಿರಲಿಲ್ಲವೆಂದು ನನಗೆ ತಿಳಿಯಿತು. ನಮ್ಮೊಡನೆ ಎಲ್ಲೆಡೆಗೂ ಬರುತ್ತಿದ್ದ, ಆದರೆ ಇನ್ನು ಯಾವ ರಸ್ತೆಯನ್ನೂ ಮುಟ್ಟದ ಚಕ್ರಗಳ ಸುದ್ದಿಯನ್ನು ತಾವು ನಿಷ್ಠೆಯಿಂದ ಹೇಳುತ್ತಿದ್ದಿರಿ. ಈ ವಿಷಯದಲ್ಲಿ ತಮ್ಮನ್ನು ದೂರುವ ಬಾಯಿ ನನಗಿಲ್ಲ; ಮುಂದಿನ ವಿಷಯಕ್ಕೆ ಬರುತ್ತೇನೆ.

ಐಲಿ ಚಾಕು ತಂದಳು. ನಾನು ಬೇಡವೆಂದೆ. ಗಂಟುಗಳನ್ನು ಒಂದೊಂದಾಗಿ ಬಿಚ್ಚುವಷ್ಟರಲ್ಲಿ ಬೆರಳುಗಳು ಮರಗಟ್ಟಿದವು. ಅವಳು ಬಾಯಿಬಿಡದೆ ಪಕ್ಕದಲ್ಲಿ ನಿಂತಿದ್ದಳು, ಅದು ಅವಳ ಆಯುಷ್ಯದ ದಾಖಲೆ. ಚಕ್ರಗಳನ್ನು ವೆಸಾನ ಅಂಗಳದಲ್ಲಿ ಇಳಿಸಿ ತಪಾಸಣೆಗೆ ಹೊರಟೆವು. ಸೇತುವೆ ದಾಟುತ್ತಿದ್ದಾಗ ತಾವು ಸದ್ದಿಲ್ಲದೆ ಆರಿದಿರಿ. ಹುಡುಗಿ ಪಾಸು ಮಾಡಿದಳು.

ಶನಿವಾರ ಬೂದಿಯ ಪಾತ್ರೆಯನ್ನು ಮುಂದಿನ ಸೀಟಿನಲ್ಲಿ ಇರಿಸಿದೆವು. ತಮ್ಮ ನೆರೆಮನೆಯ ಕೆಂಪು ದೀಪದವರು, ಬೆಲ್ಟು ಕಟ್ಟಿಲ್ಲವೆಂದು, ಊರ ಗಡಿಯವರೆಗೂ ಟಿಣ್‌ಟಿಣ್ ಎಂದರು. ಕೊನೆಗೆ ಕಾರು ನಿಲ್ಲಿಸಿ ಔಲಿಸನಿಗೆ ಬೆಲ್ಟು ಕಟ್ಟಿದೆ. "ಬದುಕಿದ್ದಾಗ ಒಂದು ಸಲ ಸುಮ್ಮನೆ ಕಟ್ಟಿಸಿಕೊಂಡಿದ್ನಾ?" ಎಂದಳು ಹಿಂದಿನಿಂದ ಐಲಿ.

ಅರ್ಧ ದಾರಿಯಲ್ಲಿ, ಕಾಡಿನ ನಡುವೆ, ತಾವು ಮತ್ತೆ ಬೆಳಗಿದಿರಿ.

"ಶುರುವಾಯ್ತು ಇದರದ್ದು. ನೋಡಬೇಡ, ನಡಿ," ಎಂದಳು ಐಲಿ. "ಒಸ್ಮೊ ಕಾಯ್ತಿರ್ತಾನೆ."

ನಾನು ನಿಲ್ಲಿಸಿ ಇಳಿದು ನೋಡಿದೆ. ಹಿಂದಿನ ಬಲಚಕ್ರ ಕುಸಿಯತೊಡಗಿತ್ತು, ಅದರಲ್ಲಿ ಒಂದು ತಿರುಪುಮೊಳೆ ಹೊಳೆಯುತ್ತಿತ್ತು. ನಿಧಾನವಾಗಿ ಮುಂದಿನ ಹಳ್ಳಿಯ ಪೆಟ್ರೋಲು ಬಂಕಿನವರೆಗೆ ಹೋಗಿ, ನನ್ನ ಜನ್ಮದಲ್ಲಿ ಮೊದಲ ಸಲ ನಾನೇ ಮಂಡಿಯೂರಿ ಗಾಳಿ ತುಂಬಿದೆ. ಚರ್ಚು ಮುಟ್ಟುವಾಗ ತಡವಾಗಿತ್ತು. ಒಸ್ಮೊ ಗುಂಡಿಯ ಮೇಲೆ ಕಂಬಳಿ ಹೊದಿಸಿ, ಪಕ್ಕದಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದ. ನಾನು ಕ್ಷಮೆ ಕೇಳಿದೆ.

"ಇರಲಿ ಬಿಡಮ್ಮ," ಎಂದ. "ಒಂದೇ ಬೆಂಚಲ್ಲಿ ಓದಿದವರು ನಾವು. ಔಲಿಸ್ ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದ?"

ಆದ್ದರಿಂದ ಮಾನ್ಯರೇ, ನನ್ನ ದೂರಿನಲ್ಲಿ ದೂರು ಉಳಿದಿಲ್ಲ, ಒಂದು ಕೋರಿಕೆ ಉಳಿದಿದೆ. ಮೇ ತಿಂಗಳಲ್ಲಿ ಬೇಸಿಗೆಯ ಚಕ್ರಗಳು ಮತ್ತೆ ತಮ್ಮ ಸೇವೆಗೆ ಬರಲಿವೆ. ಅವುಗಳಲ್ಲಿ ಈಗಿರುವ ಗಾಳಿಯನ್ನು ಔಲಿಸ್ ತುಂಬಿದ್ದು, ಹಳೆಯ ಕೈಪಂಪಿನಿಂದ, ಅಂಗಳದಲ್ಲಿ ಅಂಗಿ ಬಿಚ್ಚಿ ಬೆವರು ಸುರಿಸಿ. ಕಪಾಟಿನಲ್ಲಿದ್ದರೂ ಗಾಳಿ ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ, ಯಾರೂ ಏನೂ ಮಾಡಲಾಗದು ಎಂದು ವೆಸಾ ಹೇಳುತ್ತಾನೆ. ತಾವು ಕಾನೂನು ಬಲ್ಲವರು. ಆದರೂ ಅದು ಒಂದಿಷ್ಟು ಕಡಿಮೆಯಾಗಿದ್ದರೆ, ಆ ಒಂದು ಬೇಸಿಗೆ ಮಾತ್ರ, ಕಂಡೂ ಕಾಣದಂತೆ ಇರಬೇಕಾಗಿ ಪ್ರಾರ್ಥನೆ.

ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲವಾದರೂ, ತಮ್ಮ ವಿಶ್ವಾಸಿ,
ಹಿಲ್ಯಾ ಮೊಯ್ಲನೆನ್

ಮರೆತ ಮಾತು: ತಮ್ಮ ಮುಖಕ್ಕೆ ಅಂಟಿಸಲೆಂದು ಐಲಿ ಆ ಬಂಕಿನಲ್ಲೇ ಒಂದು ಸುರುಳಿ ಕರಿ ಟೇಪು ಕೊಂಡಿದ್ದಾಳೆ. ಅಂಥ ಅವಮರ್ಯಾದೆ ಸಲ್ಲದೆಂದು ನಾನು ಅವಳನ್ನು ತಡೆದಿದ್ದೇನೆ. ಟೇಪು ಮಾತ್ರ ಕಾರಿನಲ್ಲೇ, ತಮಗೆ ಕಾಣುವ ಜಾಗದಲ್ಲಿ ಇದೆ.